ಊರೇ ಶಾಲೆ, ರಂಗವೇ ಗುರು
ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರ ಜೀವನಸಾಧನೆ

ಗದಗು ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ, ಬೆಣ್ಣೆಹಳ್ಳವು ಮಲಪ್ರಭೆಯನ್ನು ಕೂಡುವ ಸೀಮೆಯಲ್ಲಿ, ಮೆಣಸಗಿ ಎಂಬ ಗ್ರಾಮವಿದೆ. ಎರೆಮಣ್ಣಿನ ಹೊಲಗಳು, ಜೋಳ, ಹತ್ತಿ, ಕಡಲೆಗಳ ಬೆಳೆ, ಮಳೆ ಬಾರದಿದ್ದರೆ ಬರದ ಭಯ, ಮಿತಿಮೀರಿ ಬಂದರೆ ಹೊಳೆಯ ಭಯ. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆಯ ದಂಡೆಯ ಊರುಗಳು ಪ್ರವಾಹದ ಬಾಧೆಯನ್ನು ಕಣ್ಣಾರೆ ಕಂಡಿವೆ. ಇಂಥ ಸೀಮೆಯ ಜನಕ್ಕೆ ನಾಟಕವೆಂದರೆ ಹೊಸ ಮಾತಲ್ಲ. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತಗಳು ಈ ನೆಲದಲ್ಲಿಯೇ ಬೆಳೆದ ಬಳ್ಳಿಗಳು. ಜಾತ್ರೆ ಬಂದಿತೆಂದರೆ ಊರ ತರುಣರು ತಿಂಗಳುಗಟ್ಟಲೆ ತಾಲೀಮು ನಡೆಸಿ, ಪೇಟಿ ಮಾಸ್ತರರನ್ನು ಕರೆಸಿ, ಪರದೆಗಳನ್ನು ಬಾಡಿಗೆಗೆ ತಂದು, ನಟಿಯರನ್ನು ಪರಸ್ಥಳದಿಂದ ಗೊತ್ತುಮಾಡಿ ಒಂದು ಸಾಮಾಜಿಕ ನಾಟಕವನ್ನು ಆಡದೆ ಬಿಡುವವರಲ್ಲ. ಬೆಳಗಿನ ಜಾವದವರೆಗೆ ಜನ ಕದಲದೆ ಕುಳಿತು ನೋಡುವುದೂ ಉಂಟು.

ಆದರೆ ಬೆಳಗಾದ ಮೇಲೆ ಏನುಳಿಯುತ್ತದೆ? ಬಾಡಿಗೆಯ ಪರದೆ ಗಾಡಿಯೇರುತ್ತದೆ. ಪೇಟಿ ಮಾಸ್ತರರು ಮುಂದಿನ ಊರಿಗೆ ಹೊರಡುತ್ತಾರೆ. ತರುಣರು ಹೊಲಕ್ಕೆ ಮರಳುತ್ತಾರೆ. ಮುಂದಿನ ವರ್ಷ ಮತ್ತೆ ಮೊದಲಿನಿಂದಲೇ ಆರಂಭ. ಹಳ್ಳಿಯಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ, ಪ್ರೇಕ್ಷಕರಿಗೆ ಕೊರತೆಯಿಲ್ಲ, ಕಂಠಕ್ಕೂ ಕೊರತೆಯಿಲ್ಲ. ಆದರೂ ಅದು ಒಂದು ವಿದ್ಯೆಯಾಗಿ ನಿಲ್ಲುವುದಿಲ್ಲ. ಹಳ್ಳಿಯ ನಾಟಕವು ಒಂದು ರಾತ್ರಿಯ ಸಂಭ್ರಮವಾಗಿಯೇ ಉಳಿಯಬೇಕೆ, ಅಥವಾ ಊರಿನ ಬುದ್ಧಿಯನ್ನೂ ಬಾಳನ್ನೂ ಬೆಳೆಸುವ ನಿತ್ಯದ ಸಂಸ್ಥೆಯಾಗಬಲ್ಲುದೆ? ಈ ಪ್ರಶ್ನೆಯನ್ನು ಬಾಯಲ್ಲಿ ಕೇಳಿದವರು ಅನೇಕರು. ಅದಕ್ಕೆ ಬದುಕಿನುದ್ದಕ್ಕೂ ಉತ್ತರ ಬರೆದವರು ಹೆಗ್ಗೋಡಿನ ಶ್ರೀ ಕೆ. ವಿ. ಸುಬ್ಬಣ್ಣನವರು.

ಗದಗು ಸೀಮೆಯ ಓದುಗರು ಇಲ್ಲಿ ಒಂದು ಮಾತನ್ನು ಸಹಜವಾಗಿಯೇ ಎತ್ತಿಯಾರು: ಶಿಕ್ಷಣವನ್ನೂ ರಂಗಭೂಮಿಯನ್ನೂ ಒಂದುಗೂಡಿಸಿದ ಪರಂಪರೆ ನಮ್ಮಲ್ಲಿಯೂ ಇಲ್ಲವೆ? ಇದೆ, ಮತ್ತು ಅದು ಹೆಮ್ಮೆಪಡತಕ್ಕ ಪರಂಪರೆಯೇ ಸರಿ. ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ, ಉತ್ತರ ಕರ್ನಾಟಕದ ಊರೂರುಗಳಲ್ಲಿ ಮರಾಠಿ ನಾಟಕಗಳೇ ಮೆರೆಯುತ್ತಿದ್ದ ಕಾಲದಲ್ಲಿ, ಶಾಂತಕವಿಗಳೆಂದು ಪ್ರಸಿದ್ಧರಾದ ಸಕ್ಕರಿ ಬಾಳಾಚಾರ್ಯರು ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ವೃತ್ತಿಯಿಂದ ಅವರು ಶಾಲೆಯ ಶಿಕ್ಷಕರು. ಅವರ ತರುವಾಯ ಗರುಡ ಸದಾಶಿವರಾಯರು ತಮ್ಮ ದತ್ತಾತ್ರೇಯ ನಾಟಕ ಮಂಡಳಿಯಿಂದ ಕಂಪನಿ ನಾಟಕದ ವೈಭವವನ್ನು ನಾಡಿಗೆ ತೋರಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಕತೆಯಂತೂ ಕರುಣೆಯೂ ಕಲೆಯೂ ಒಂದಾದ ಕತೆ. ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ತಾವೇ ಅಂಧರಾಗಿದ್ದು, ಅಂಧರಾದ, ಅನಾಥರಾದ ಮಕ್ಕಳಿಗೆ ಸಂಗೀತವಿದ್ಯೆಯನ್ನು ದಾನಮಾಡಿದರು. ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕ ಸಂಘವನ್ನೇ ನಡೆಸಿದರು. ನಾಟಕದ ಹಣದಿಂದ ಶಾಲೆ ನಡೆದುದು ಗದಗಿನ ಹಿರಿಮೆ. ನಾಟಕವೇ ಶಾಲೆಯಾದುದು ಹೆಗ್ಗೋಡಿನ ವಿಶೇಷ. ಎರಡನ್ನೂ ಅಕ್ಕಪಕ್ಕದಲ್ಲಿರಿಸಿ ನೋಡಿದಾಗಲೇ ಸುಬ್ಬಣ್ಣನವರ ಸಾಹಸದ ಸ್ವರೂಪ ಸ್ಪಷ್ಟವಾಗುತ್ತದೆ.

ಕುಂಟಗೋಡು ವಿಭೂತಿ ಸುಬ್ಬಣ್ಣನವರು ಹುಟ್ಟಿದುದು 1932ನೆಯ ಇಸವಿ ಫೆಬ್ರವರಿ 20ರಂದು, ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಮಲೆನಾಡಿನ ಹಳ್ಳಿಯಲ್ಲಿ. ಮನೆತನ ಅಡಿಕೆ ತೋಟದ್ದು. ಯಕ್ಷಗಾನದ ಚಂಡೆಯ ದನಿ ಕೇಳಿ ಬೆಳೆದ ಬಾಲ್ಯ ಅವರದು. ಉಚ್ಚ ವ್ಯಾಸಂಗಕ್ಕೆಂದು ಮೈಸೂರಿನ ಮಹಾರಾಜಾ ಕಾಲೇಜನ್ನು ಸೇರಿ, ಅಲ್ಲಿ ಕುವೆಂಪು ಅವರಂಥ ಗುರುಗಳ ಪಾಠ ಕೇಳಿದರು. ಪದವಿ ಪಡೆದ ಬುದ್ಧಿವಂತ ತರುಣನಿಗೆ ಆ ಕಾಲದಲ್ಲಿ ನೌಕರಿಯ ಬಾಗಿಲುಗಳು ತೆರೆದೇ ಇದ್ದವು. ಅವರು ಆ ಬಾಗಿಲುಗಳ ಕಡೆ ನಡೆಯದೆ ಊರಿನ ದಾರಿ ಹಿಡಿದರು. ತೋಟದ ಕೆಲಸ, ಪುಸ್ತಕದ ಕೆಲಸ, ನಾಟಕದ ಕೆಲಸ ಎಂಬ ಮೂರನ್ನು ಒಂದೇ ಬದುಕಿನಲ್ಲಿ ಹೊಂದಿಸಿಕೊಂಡರು. ಓದಿದವನು ಹಳ್ಳಿಯನ್ನು ಬಿಡತಕ್ಕದ್ದು ಎಂಬುದು ಅಲಿಖಿತ ನಿಯಮವಾಗಿದ್ದ ದೇಶದಲ್ಲಿ ಈ ಒಂದು ನಿರ್ಧಾರವೇ ಒಂದು ಸಾಮಾಜಿಕ ಕಾರ್ಯವಾಗಿತ್ತೆಂದರೆ ಅತಿಶಯೋಕ್ತಿಯಲ್ಲ.

ಆ ಸೀಮೆಯ ಗಾಳಿಯಲ್ಲಿಯೂ ಆಗ ಒಂದು ಕಾವಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು; ಶಾಂತವೇರಿ ಗೋಪಾಲಗೌಡರು ಆ ಹೋರಾಟದ ಹಿರಿಯ ದನಿಯಾದರು. ಉಳುವವನಿಗೆ ಭೂಮಿ ಬೇಕೆಂಬ ಕೂಗು ಎದ್ದ ಆ ನೆಲದಲ್ಲಿಯೇ, ಉಳುವವನಿಗೆ ಕಾಳಿದಾಸನೂ ಬೇಕು, ಷೇಕ್ಸ್‌ಪಿಯರನೂ ಬೇಕು ಎಂಬ ವಿಚಾರ ಕುಡಿಯೊಡೆಯಿತು. ಸಮಾಜವಾದಿ ಚಿಂತನೆಯ ಪ್ರಭಾವ ಸುಬ್ಬಣ್ಣನವರ ಮೇಲೆ ಗಾಢವಾಗಿಯೇ ಆಗಿತ್ತು. ಆದರೆ ಅವರು ವೇದಿಕೆಯ ಭಾಷಣವನ್ನು ಆರಿಸಿಕೊಳ್ಳದೆ ರಂಗದ ಸಂಭಾಷಣೆಯನ್ನು ಆರಿಸಿಕೊಂಡರು.

ಹೆಗ್ಗೋಡು ಸಾಗರದಿಂದ ಕೆಲವೇ ಮೈಲಿಗಳ ದೂರದ ಚಿಕ್ಕ ಊರು. ಅಲ್ಲಿ 1949ರಲ್ಲಿ, ಸುಬ್ಬಣ್ಣನವರಿಗೆ ಹದಿನೇಳು ವರ್ಷವಾಗಿದ್ದಾಗ, ಊರ ದೇವರ ಹೆಸರಿನಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವು ಸ್ಥಾಪಿತವಾಯಿತು. ಮೊದಲಕ್ಷರಗಳು ಕೂಡಿ ಅದು ‘ನೀನಾಸಮ್’ ಆಯಿತು. ಇಂದು ದೇಶವಿದೇಶಗಳಲ್ಲಿ ಪರಿಚಿತವಾದ ಈ ಹೆಸರು ಆರಂಭದಲ್ಲಿ ಹತ್ತಾರು ಹವ್ಯಾಸಿಗಳ ಕೂಟದ ಹೆಸರು ಮಾತ್ರ. ಹಗಲು ತೋಟದಲ್ಲಿ ದುಡಿದವರು, ಅಂಗಡಿಯಲ್ಲಿ ಕುಳಿತವರು, ಶಾಲೆಯಲ್ಲಿ ಪಾಠ ಹೇಳಿದವರು ಸಂಜೆ ಒಂದೆಡೆ ಸೇರಿ ಮಾತು ಉರುಹಚ್ಚುತ್ತಿದ್ದರು. ಇಷ್ಟರ ಮಟ್ಟಿಗೆ ಅದು ಮೆಣಸಗಿಯ ಜಾತ್ರೆಯ ತಾಲೀಮಿಗಿಂತ ಭಿನ್ನವಾಗಿರಲಿಲ್ಲ.

ಭಿನ್ನತೆ ಬಂದುದು ಎರಡು ಸಂಗತಿಗಳಿಂದ. ಮೊದಲನೆಯದು, ಕೆಲಸ ಜಾತ್ರೆಗೆಂದು ಅಲ್ಲ, ವರ್ಷವಿಡೀ ನಡೆಯತಕ್ಕದ್ದೆಂಬ ನಿಷ್ಠೆ. ಎರಡನೆಯದು, ಹಳ್ಳಿಯವರಿಗೆ ಇಷ್ಟು ಸಾಕು ಎಂದು ಅಳತೆಮಾಡಿ ಕೊಡಬಾರದೆಂಬ ಹಟ. ಹಳ್ಳಿಯ ಪ್ರೇಕ್ಷಕನಿಗೆ ಹಾಸ್ಯ, ಹಾಡು, ಕಣ್ಣೀರುಗಳಿದ್ದರೆ ಸಾಕು. ಗಂಭೀರವಾದುದನ್ನು ಅವನು ಸವಿಯಲಾರ ಎಂಬ ನಂಬಿಕೆ ಪಟ್ಟಣದ ವಿದ್ಯಾವಂತರಲ್ಲಿ ಬಹುಕಾಲದಿಂದ ಬೇರೂರಿದೆ. ಸುಬ್ಬಣ್ಣನವರು ಇದನ್ನು ಒಪ್ಪಲಿಲ್ಲ. ರಾಮಾಯಣ, ಭಾರತಗಳ ಪ್ರಸಂಗಗಳನ್ನು ರಾತ್ರಿಯಿಡೀ ನೋಡಿ, ತಾಳಮದ್ದಳೆಯಲ್ಲಿ ಅರ್ಥಧಾರಿಗಳ ವಾದವನ್ನು ಅರೆದು ಅರ್ಥಮಾಡಿಕೊಳ್ಳುವ ಜನರಿಗೆ ಜಗತ್ತಿನ ಯಾವ ನಾಟಕ ತಾನೆ ಕಠಿನವಾದೀತು? ಅವರಿಗೆ ಇಲ್ಲದಿದ್ದುದು ರಸಜ್ಞತೆಯಲ್ಲ, ಅವಕಾಶ. ಈ ಒಂದು ವಿಶ್ವಾಸದ ಮೇಲೆ ಅವರ ಮುಂದಿನ ಕಟ್ಟಡವೆಲ್ಲ ನಿಂತಿತು.

ಈ ವಿಶ್ವಾಸ ಕೇವಲ ಭಾವುಕತೆಯಾಗಿರಲಿಲ್ಲವೆಂಬುದಕ್ಕೆ ಅವರ ಲೇಖನಿಯೇ ಸಾಕ್ಷಿ. ಕಾಳಿದಾಸನ ಶಾಕುಂತಲವನ್ನು ‘ಲೋಕ ಶಾಕುಂತಲ’ವೆಂದು ಕನ್ನಡದ ರಂಗಕ್ಕೆ ಒಗ್ಗಿಸಿದರು; ಜರ್ಮನಿಯ ನಾಟಕಕಾರ ಬ್ರೆಖ್ಟನ ಕೃತಿಯನ್ನು ‘ಸೆಜುವಾನ್ ನಗರದ ಸಾಧ್ವಿ’ಯಾಗಿ ತಂದರು. ಅನುವಾದವೆಂದರೆ ಶಬ್ದಕ್ಕೆ ಶಬ್ದವನ್ನಿಡುವುದಲ್ಲ, ನಟನ ನಾಲಿಗೆಯಲ್ಲಿ ಹೊರಳುವ, ಪ್ರೇಕ್ಷಕನ ಕಿವಿಗೆ ತನ್ನದೆನಿಸುವ ಮಾತನ್ನು ಹುಡುಕುವುದು ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಐವತ್ತರ ದಶಕದಲ್ಲಿಯೇ ಅವರು ಆರಂಭಿಸಿದ ಅಕ್ಷರ ಪ್ರಕಾಶನವು, ಪಟ್ಟಣದ ಮುದ್ರಣಾಲಯಗಳಿಂದ ದೂರದ ಆ ಹಳ್ಳಿಯ ವಿಳಾಸದಿಂದಲೇ, ಹೊಸ ಕನ್ನಡ ಸಾಹಿತ್ಯದ ಅನೇಕ ಮುಖ್ಯ ಕೃತಿಗಳನ್ನು ನಾಡಿಗೆ ನೀಡಿತು. ರಂಗಭೂಮಿಯ ಶಾಸ್ತ್ರ, ಚಲನಚಿತ್ರದ ವಿಚಾರ ಮುಂತಾಗಿ, ಮಾರಾಟಕ್ಕೆ ಸುಲಭವಲ್ಲದ ಪುಸ್ತಕಗಳನ್ನೂ ಅದು ಧೈರ್ಯದಿಂದ ಪ್ರಕಟಿಸಿತು. ನಾಟಕದ ಶಾಲೆ ಬರುವ ಮೊದಲೇ ನಾಟಕದ ಪಠ್ಯಗಳು ಕನ್ನಡದಲ್ಲಿ ಸಿದ್ಧವಾಗತೊಡಗಿದ್ದವೆಂಬುದು ಗಮನಿಸತಕ್ಕ ಅಂಶ.

1972ರಲ್ಲಿ ಹೆಗ್ಗೋಡಿನಲ್ಲಿ ಶಿವರಾಮ ಕಾರಂತ ರಂಗಮಂದಿರವು ಸಿದ್ಧವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಬಿ. ವಿ. ಕಾರಂತರು ಬಯಲು ರಂಗದಲ್ಲಿ ಆಡಿಸಿದ ‘ಜೋಕುಮಾರಸ್ವಾಮಿ’ಯೇ ಮೊದಲಾದ ನಾಟಕಗಳು ಕನ್ನಡ ರಂಗಭೂಮಿಯಲ್ಲಿ ಹೊಸ ಅಲೆಯನ್ನೆಬ್ಬಿಸಿದವು, 1975ರಲ್ಲಿ ಹುಟ್ಟಿದ ‘ಸಮುದಾಯ’ವು ಆ ಅಲೆಯನ್ನು ಬೀದಿಗೂ ಒಯ್ದಿತು. ರಾಜಧಾನಿಯಲ್ಲಿ ನಡೆದ ಆ ಕ್ರಾಂತಿಯ ಕತೆ ಎಲ್ಲರಿಗೂ ತಿಳಿದದ್ದು. ಅದರ ಜೊತೆಗೇ, ಅಡಿಕೆ ತೋಟಗಳ ನಡುವೆ, ಬೆಳಕು, ನೇಪಥ್ಯ, ಆಸನಗಳೆಲ್ಲ ಕ್ರಮವಾಗಿರುವ ಒಂದು ಸುಸಜ್ಜಿತ ರಂಗಮಂದಿರ ಎದ್ದು ನಿಂತುದು ಅಷ್ಟೇ ದೊಡ್ಡ ಸಂಗತಿ. ಹಳ್ಳಿಗೆ ಒಂದು ರಂಗಮಂದಿರವೇಕೆ ಎಂದು ಕೇಳಿದವರು ಇದ್ದಿರಲೇಬೇಕು. ಹಳ್ಳಿಗೆ ದೇವಸ್ಥಾನವೇಕೆ ಎಂದು ಯಾರೂ ಕೇಳುವುದಿಲ್ಲ. ಶಾಲೆಯೇಕೆಂದೂ ಈಗ ಕೇಳುವುದಿಲ್ಲ. ಕಲೆಗೆ ಒಂದು ನೆಲೆ ಬೇಕೆಂಬುದು ಮಾತ್ರ ನಮಗೆ ಇನ್ನೂ ಸಹಜವಾಗಿ ತೋರುವುದಿಲ್ಲ.

ಮರುವರ್ಷ, 1973ರಲ್ಲಿ, ನೀನಾಸಮ್ ಚಿತ್ರಸಮಾಜ ಪ್ರಾರಂಭವಾಯಿತು. 1977ರಲ್ಲಿ ಹೆಗ್ಗೋಡಿನಲ್ಲಿ ಚಲನಚಿತ್ರೋತ್ಸವವೊಂದು ನಡೆದಾಗ ಅದನ್ನು ಕೇಳಿದವರು ಬೆರಗಾದರು. ಸತ್ಯಜಿತ್ ರಾಯ್, ಕುರೊಸಾವಾ ಮೊದಲಾದ ಮಹಾನಿರ್ದೇಶಕರ ಚಿತ್ರಗಳನ್ನು ರೈತರು, ಗೃಹಿಣಿಯರು, ಶಾಲೆಯ ಮಕ್ಕಳು ಒಟ್ಟಿಗೆ ಕುಳಿತು ನೋಡಿದರು. ಭಾಷೆ ಬಾರದಿದ್ದರೇನು? ಚಿತ್ರಕ್ಕೆ ಮುನ್ನ ಕನ್ನಡದಲ್ಲಿ ಕತೆಯನ್ನೂ ಹಿನ್ನೆಲೆಯನ್ನೂ ವಿವರಿಸುವ ಏರ್ಪಾಡು ಇತ್ತು. ನೋಡಿದ ತರುವಾಯ ಚರ್ಚೆಯೂ ಇತ್ತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರದ ಪಿ. ಕೆ. ನಾಯರ್ ಅವರೂ ಅಲ್ಲಿನ ಚಲನಚಿತ್ರ ಸಂಸ್ಥೆಯ ಪ್ರಾಧ್ಯಾಪಕ ಸತೀಶ ಬಹಾದ್ದೂರ್ ಅವರೂ ಈ ಕಾರ್ಯಕ್ಕೆ ಒತ್ತಾಸೆಯಾಗಿ ನಿಂತರು. ಚಿತ್ರವನ್ನು ನೋಡುವುದೂ ಒಂದು ವಿದ್ಯೆ, ಅದನ್ನೂ ಕಲಿಯಬೇಕು ಎಂಬ ತತ್ತ್ವದ ಮೇಲೆ ಚಿತ್ರರಸಗ್ರಹಣ ಶಿಬಿರಗಳು ನಡೆದವು. ಇವೇ ಮುಂದೆ ವಿಸ್ತಾರಗೊಂಡು ವಾರ್ಷಿಕ ಸಂಸ್ಕೃತಿ ಶಿಬಿರಗಳಾದವು. ಅಲ್ಲಿ ಯು. ಆರ್. ಅನಂತಮೂರ್ತಿಯವರಂಥ ಲೇಖಕರ ಎದುರು ಕುಳಿತು, ಪಟ್ಟಣದ ಅಧ್ಯಾಪಕನೂ ಹಳ್ಳಿಯ ಕೃಷಿಕನೂ ಒಂದೇ ಪಂಕ್ತಿಯಲ್ಲಿ ಪ್ರಶ್ನೆ ಕೇಳುವುದು ಸಾಧ್ಯವಾಯಿತು.

ಸುಬ್ಬಣ್ಣನವರ ಜೀವನದ ಮುಖ್ಯ ಕಾರ್ಯವೆಂದು ಯಾವುದನ್ನು ಕರೆಯಬೇಕೆಂದರೆ, 1980ರಲ್ಲಿ ಆರಂಭವಾದ ನೀನಾಸಮ್ ರಂಗಶಿಕ್ಷಣ ಕೇಂದ್ರವನ್ನೇ ಹೆಸರಿಸಬೇಕಾಗುತ್ತದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1959ರಷ್ಟು ಹಿಂದೆಯೇ ಹುಟ್ಟಿತ್ತು. ಆದರೆ ಕನ್ನಡ ಮಾತ್ರ ಬಲ್ಲ ರೈತನ ಮಗನಿಗೆ ದೆಹಲಿ ದೂರ, ಅಲ್ಲಿಯ ಹಿಂದಿ ಮತ್ತು ಇಂಗ್ಲಿಷುಗಳು ಇನ್ನೂ ದೂರ. ಹೆಗ್ಗೋಡಿನ ಶಾಲೆ ಕನ್ನಡದಲ್ಲಿಯೇ ಪಾಠ ಹೇಳಿತು. ಅಭಿನಯ, ಆಂಗಿಕ, ವಾಚಿಕ, ಪ್ರಸಾಧನ, ಬೆಳಕು, ರಂಗಸಜ್ಜಿಕೆ, ನಾಟಕ ಸಾಹಿತ್ಯ, ರಂಗೇತಿಹಾಸ ಇವೆಲ್ಲ ಅಲ್ಲಿಯ ವಿಷಯಗಳು. ಪ್ರತಿ ವರ್ಷ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು. ಅವರು ಬರುವುದು ಬೀದರದಿಂದ ಚಾಮರಾಜನಗರದವರೆಗಿನ ನಾನಾ ಸೀಮೆಗಳಿಂದ. ಧಾರವಾಡದ ‘ಹೌದ್ರಿ’ಯೂ ಮಂಗಳೂರಿನ ‘ಮಾರಾಯ’ನೂ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ರಂಗದ ಮೇಲೆ ಒಬ್ಬರ ಮಾತಿಗೆ ಒಬ್ಬರು ಕಿವಿಗೊಡುತ್ತಾರೆ. ನಾಡು 1956ರಲ್ಲಿ ಕಾನೂನಿನಿಂದ ಒಂದಾಯಿತು. ನಾಡಿನ ನುಡಿಗಳು ಒಂದನ್ನೊಂದು ಅರಿತುಕೊಂಡ ಸ್ಥಳಗಳಲ್ಲಿ ಈ ಪುಟ್ಟ ಶಾಲೆಯೂ ಒಂದು.

ಇಲ್ಲಿಯ ಶಿಕ್ಷಣದ ಇನ್ನೊಂದು ಗುಣವನ್ನು ತಾಯ್ತಂದೆಯರು ವಿಶೇಷವಾಗಿ ಗಮನಿಸಬೇಕು. ನಾಯಕನ ಪಾರ್ಟು ಮಾಡಿದವನೇ ಮರುದಿನ ರಂಗ ಗುಡಿಸುತ್ತಾನೆ. ರಾಣಿಯಾದವಳು ಬಟ್ಟೆಗೆ ಹೊಲಿಗೆ ಹಾಕುತ್ತಾಳೆ. ಎಲ್ಲರೂ ಮೊಳೆ ಹೊಡೆಯಲು ಕಲಿಯುತ್ತಾರೆ. ಜಾತಿ, ಅಂತಸ್ತುಗಳ ಕಟ್ಟುಗಳನ್ನು ಉಪದೇಶದಿಂದ ಸಡಿಲಿಸುವುದು ಕಷ್ಟ. ಒಟ್ಟಿಗೆ ದುಡಿಯುವ ಕೈಗಳು ಅದನ್ನು ಸದ್ದಿಲ್ಲದೆ ಸಡಿಲಿಸುತ್ತವೆ. ಹೆಣ್ಣುಮಕ್ಕಳು ನಾಟಕದಲ್ಲಿ ಪಾತ್ರ ವಹಿಸುವುದನ್ನು ಲೋಕಾಪವಾದಕ್ಕೆ ಅಂಜಿ ತಡೆಯುವ ಮನೆಗಳು ಇಂದಿಗೂ ಇವೆ. ಹಳ್ಳಿಯ ಜಾತ್ರೆಯ ನಾಟಕಕ್ಕೆ ನಟಿಯರನ್ನು ಪರವೂರಿನಿಂದ ಕರೆಸಬೇಕಾಗುವುದು ಇದೇ ಕಾರಣದಿಂದ. ನಾಟಕವು ವಿದ್ಯೆಯೆಂದು ಗೌರವಿಸಲ್ಪಡುವ ಶಾಲೆಯೊಂದಿದ್ದಾಗ ಈ ಅಂಜಿಕೆ ತಾನಾಗಿ ಕರಗುತ್ತದೆ.

1983ರಲ್ಲಿ ‘ಜನಸ್ಪಂದನ’ ಎಂಬ ಯೋಜನೆ ಕೈಗೂಡಿತು. ಅದಕ್ಕೆ ಅಮೆರಿಕದ ಫೋರ್ಡ್ ಪ್ರತಿಷ್ಠಾನದ ಧನಸಹಾಯವಿತ್ತು. ರಾಜ್ಯದ ನಾನಾ ಹಳ್ಳಿಪಟ್ಟಣಗಳಲ್ಲಿ ನಾಟಕದ ಶಿಬಿರಗಳೂ ಚಿತ್ರೋತ್ಸವಗಳೂ ನಡೆದವು. ಶಿಬಿರಕ್ಕೆ ಬಂದ ಸ್ಥಳೀಕರೇ ನಟರಾಗಿ, ತಮ್ಮೂರಿನ ಜನರ ಮುಂದೆ ನಾಟಕವಾಡುವುದು ಅದರ ಕ್ರಮ. ಈ ಕಾರ್ಯದಲ್ಲಿ ಎಲ್ಲಕ್ಕಿಂತ ಮನಮುಟ್ಟುವ ಅಧ್ಯಾಯ ಉತ್ತರ ಕನ್ನಡದ ಮಂಚಿಕೇರಿಯದು. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದು ಆ ಕಾಡುಗಳಲ್ಲಿ ನೆಲೆಸಿದ ಸಿದ್ದಿ ಜನಾಂಗದವರೊಡನೆ ಚಿದಂಬರರಾವ್ ಜಂಬೆಯವರು ನಾಟಕವೊಂದನ್ನು ಸಿದ್ಧಪಡಿಸಿದರು. ವಸ್ತು, ಆಫ್ರಿಕದ ಲೇಖಕ ಚಿನುವ ಅಚಿಬೆಯ ಪ್ರಸಿದ್ಧ ಕಾದಂಬರಿಯಿಂದ ಬಂದದ್ದು. ಬಿಳಿಯರ ಆಗಮನದಿಂದ ಆಫ್ರಿಕದ ಒಂದು ಊರಿನ ಬಾಳು ಒಡೆದುಹೋದ ಕತೆಯನ್ನು, ಅದೇ ಖಂಡದಲ್ಲಿ ಪೂರ್ವಜರನ್ನುಳ್ಳ ಸಿದ್ದಿಗಳು ಕನ್ನಡದಲ್ಲಿ ಅಭಿನಯಿಸಿದರು. ಸಂತೆಯಲ್ಲಿಯೂ ಬಸ್ಸಿನಲ್ಲಿಯೂ ತಮ್ಮನ್ನು ಕುತೂಹಲದಿಂದ ದಿಟ್ಟಿಸುತ್ತಿದ್ದ ಜನರ ಮುಂದೆ, ರಂಗದ ಬೆಳಕಿನಲ್ಲಿ ನಿಂತು, ‘ನಮ್ಮನ್ನು ನೋಡಿ’ ಎಂದು ಹೇಳುವ ಹಕ್ಕನ್ನು ನಾಟಕ ಅವರಿಗೆ ನೀಡಿತು. ಸಮಾಜಸೇವೆಯೆಂದರೆ ದಾನವಲ್ಲ, ದನಿಗೆ ಎಡೆಮಾಡಿಕೊಡುವುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ತರಬೇತಿ ಮುಗಿಸಿದ ತರುಣರಿಗೆ ಕೆಲಸವೆಲ್ಲಿ? ಪ್ರತಿಯೊಂದು ಮನೆಯ ಹಿರಿಯರೂ ಕೇಳುವ ಈ ಪ್ರಶ್ನೆಯನ್ನು ಸುಬ್ಬಣ್ಣನವರು ತಳ್ಳಿಹಾಕಲಿಲ್ಲ. 1985ರಲ್ಲಿ ಹುಟ್ಟಿದ ‘ತಿರುಗಾಟ’ವೇ ಅದಕ್ಕೆ ಉತ್ತರ. ಹೆಸರು ಯಕ್ಷಗಾನದ ಮೇಳಗಳಿಂದ ಬಂದದ್ದು. ಮಳೆಗಾಲ ಕಳೆದ ಮೇಲೆ ಮೇಳವು ಊರೂರು ಸುತ್ತುವುದಕ್ಕೆ ತಿರುಗಾಟವೆಂದೇ ಹೆಸರು. ಕಂಪನಿ ನಾಟಕದವರು ಒಂದೂರಿನಲ್ಲಿ ತಿಂಗಳುಗಟ್ಟಲೆ ಡೇರೆ ಹಾಕಿ, ಟಿಕೆಟ್ಟಿನ ಹಣವನ್ನೇ ನಂಬಿ, ಜನ ಬಾರದಿದ್ದರೆ ಸಾಲದಲ್ಲಿ ಮುಳುಗುತ್ತಿದ್ದರು. ತಿರುಗಾಟದ ರೀತಿ ಬೇರೆ. ನಟರಿಗೆ ಸಂಬಳವುಂಟು. ಆಯಾ ಊರಿನ ಸಂಘದವರು ಗೊತ್ತಾದ ಮೊತ್ತವನ್ನು ಕೊಟ್ಟು, ಊಟ ವಸತಿಗಳ ಹೊಣೆ ಹೊರುತ್ತಾರೆ. ತಂಡವು ತನ್ನ ದೀಪ, ರಂಗಸಜ್ಜಿಕೆಗಳನ್ನು ತಾನೇ ಹೊತ್ತು ತಂದು, ಒಂದೆರಡು ದಿನ ನಾಟಕವಾಡಿ, ಎಲ್ಲವನ್ನೂ ಬಿಚ್ಚಿ ತುಂಬಿಕೊಂಡು ಮುಂದಿನ ಊರಿಗೆ ಹೊರಡುತ್ತದೆ. ಪ್ರತಿ ವರ್ಷ ಹೊಸ ನಾಟಕಗಳು. ಒಂದು ಪ್ರಾಚೀನವಾದರೆ ಇನ್ನೊಂದು ನವೀನ. ಹೀಗೆ ಷೇಕ್ಸ್‌ಪಿಯರನೂ ಕಾಳಿದಾಸನೂ ಹೊಸ ಕನ್ನಡದ ನಾಟಕಕಾರರೂ ತಾಲ್ಲೂಕು ಸ್ಥಳಗಳ ಶಾಲೆಯ ಅಂಗಳಗಳಿಗೆ ಬಂದಿಳಿದರು.

ಇಲ್ಲಿ ಅಡಗಿದ ಸೂಕ್ಷ್ಮವನ್ನು ಮರೆಯಲಾಗದು. ತಿರುಗಾಟದ ನಾಟಕವನ್ನು ಕರೆಸುವುದಕ್ಕೆ ಊರಿನಲ್ಲಿ ಹತ್ತು ಜನ ಒಂದಾಗಬೇಕು. ಚಂದಾ ಎತ್ತಬೇಕು, ಟಿಕೆಟ್ಟು ಹಂಚಬೇಕು, ಅಡಿಗೆಗೆ ಮನೆ ಗೊತ್ತುಮಾಡಬೇಕು. ನಾಟಕ ಒಂದು ಸಂಜೆಯಲ್ಲಿ ಮುಗಿಯುತ್ತದೆ, ಆದರೆ ಆ ಹತ್ತು ಜನರ ಸ್ನೇಹ ಮುಗಿಯುವುದಿಲ್ಲ. ನಾಡಿನ ಎಷ್ಟೋ ಸಣ್ಣ ಊರುಗಳಲ್ಲಿ ರಂಗಸಂಘಗಳು ಉಸಿರಾಡುತ್ತ ಬಂದಿರುವುದಕ್ಕೆ ಈ ವಾರ್ಷಿಕ ಭೇಟಿಯೂ ಒಂದು ಕಾರಣವೆನ್ನಬಹುದು.

1991ರಲ್ಲಿ ಸುಬ್ಬಣ್ಣನವರಿಗೆ ರಾಮೋನ್ ಮ್ಯಾಗ್ಸೇಸೇ ಪ್ರಶಸ್ತಿ ದೊರೆಯಿತು. ಫಿಲಿಪೀನ್ಸಿನ ದಿವಂಗತ ಅಧ್ಯಕ್ಷರ ಹೆಸರಿನ ಈ ಪ್ರಶಸ್ತಿ ಏಷ್ಯಾ ಖಂಡದ ಅತ್ಯುಚ್ಚ ಗೌರವಗಳಲ್ಲೊಂದು. ಗ್ರಾಮೀಣ ಜನತೆಗೆ ಉತ್ತಮ ಚಲನಚಿತ್ರವನ್ನೂ ಜೀವಂತ ರಂಗಭೂಮಿಯನ್ನೂ ಒದಗಿಸಿದ ಸೇವೆಯನ್ನು ಅದು ಗುರುತಿಸಿತು. ತರುವಾಯ 2003ರಲ್ಲಿ ಅವರ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಎಂಬ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಒಂಬತ್ತನೆಯ ಶತಮಾನದ ಆ ಲಕ್ಷಣಗ್ರಂಥದಲ್ಲಿ ವಿದ್ವಾಂಸರು ಅಲಂಕಾರ ಶಾಸ್ತ್ರವನ್ನು ಹುಡುಕಿದರೆ, ಸುಬ್ಬಣ್ಣನವರು ಒಂದು ನಾಡಿನ ಕಲ್ಪನೆಯನ್ನು ಕಂಡರು. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡವು ಸಂಸ್ಕೃತದಂಥ ಮಹಾಭಾಷೆಯ ಎದುರು ಅಳುಕದೆ, ಅದನ್ನು ದೂರವಿಡದೆ, ತನ್ನದೇ ದಾರಿಯನ್ನು ಮಾಡಿಕೊಂಡ ಬಗೆ ಅವರಿಗೆ ಮುಖ್ಯವೆನಿಸಿತು. ಅವರ ರಂಗಕಾರ್ಯವೂ ಇದೇ ವಿಚಾರದ ಪ್ರಯೋಗರೂಪ. ಹೆಗ್ಗೋಡು ಜಗತ್ತಿಗೆ ಅಂಜಲೂ ಬೇಕಿಲ್ಲ, ಬೆನ್ನು ತಿರುಗಿಸಲೂ ಬೇಕಿಲ್ಲ. ಸಮಾನವಾಗಿ ಎದುರು ಕುಳಿತು ಮಾತಾಡಿದರೆ ಸಾಕು.

ಟೀಕೆಗಳು ಬಾರದೆ ಇರಲಿಲ್ಲ. ಅವುಗಳನ್ನು ಮುಚ್ಚಿಡುವುದು ಹಿರಿಯರಿಗೆ ಮಾಡುವ ಗೌರವವಲ್ಲ. ಪರದೇಶದ ಹಣವನ್ನು ಹಳ್ಳಿಯ ಕಲೆಗೆ ಬಳಸುವುದು ಉಚಿತವೆ ಎಂಬ ಪ್ರಶ್ನೆ ಫೋರ್ಡ್ ಪ್ರತಿಷ್ಠಾನದಂಥ ಸಂಸ್ಥೆಗಳ ನೆರವು ಬಂದಲ್ಲೆಲ್ಲ ಏಳುವಂಥದು. ಪಟ್ಟಣದ ನವ್ಯರ ಅಭಿರುಚಿಯನ್ನು ಹಳ್ಳಿಗೆ ಹೊರಿಸಲಾಯಿತು, ದೊಡ್ಡಾಟ, ಪಾರಿಜಾತ, ಕಂಪನಿ ನಾಟಕಗಳ ಪರಂಪರೆಗೆ ಅದರಿಂದ ಲಾಭವೇನು ಎಂಬುದು ಉತ್ತರ ಕರ್ನಾಟಕದವರ ಬಾಯಲ್ಲಿ ವಿಶೇಷವಾಗಿ ಬರಬಹುದಾದ ಆಕ್ಷೇಪ. ಇಲ್ಲಿ ಕಲಿತವರು ಕೊನೆಗೆ ಸಿನಿಮಾ, ದೂರದರ್ಶನಗಳ ಪಾಲಾಗುತ್ತಾರೆ ಎಂಬುದು ಮೂರನೆಯದು. ಈ ಕೊನೆಯ ಮಾತಿನಲ್ಲಿ ಸತ್ಯಾಂಶವಿದೆ. ಅಚ್ಯುತಕುಮಾರ್ ಅವರಂಥ ನಟರು ಇದೇ ಶಾಲೆಯಿಂದ ಬಂದು ಚಿತ್ರರಂಗದಲ್ಲಿ ಹೆಸರಾದರು. ಮತ್ತೊಬ್ಬ ನಟರು ಸಂಸ್ಥೆಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ‘ನೀನಾಸಂ ಸತೀಶ್’ ಎನಿಸಿಕೊಂಡರು. ಆದರೆ ಊರಿಗೆ ಮರಳಿ ಶಾಲೆಯ ಮಕ್ಕಳಿಗೆ ನಾಟಕ ಕಲಿಸುವವರು, ತಾಲ್ಲೂಕು ಸ್ಥಳಗಳಲ್ಲಿ ತಂಡ ಕಟ್ಟಿದವರು ಭಿತ್ತಿಪತ್ರಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅವರನ್ನು ಎಣಿಕೆಗೆ ತೆಗೆದುಕೊಳ್ಳದೆ ತೀರ್ಪು ಹೇಳುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪಕ್ಕೆ ಉತ್ತರ ಅಷ್ಟು ಸುಲಭವಲ್ಲ. ಹೆಗ್ಗೋಡಿನ ಮಾದರಿಯನ್ನು ಯಥಾವತ್ತಾಗಿ ಎರೆಸೀಮೆಗೆ ಕಿತ್ತು ನೆಟ್ಟರೆ ಅದು ಚಿಗುರಲಾರದು. ಅಡಿಕೆಯ ಸಸಿ ಮೆಣಸಗಿಯ ಹೊಲದಲ್ಲಿ ಬೆಳೆದೀತೆ? ಆದರೆ ಬೆಳೆ ಬೇರೆಯಾದರೂ ಬೇಸಾಯದ ನಿಷ್ಠೆ ಒಂದೇ. ಸುಬ್ಬಣ್ಣನವರು ತಮ್ಮ ಸೀಮೆಯ ಯಕ್ಷಗಾನವನ್ನು ಬಿಟ್ಟು ಹೊರಗಿನದನ್ನು ತಂದವರಲ್ಲ; ಅದರಿಂದ ತಿದ್ದಿದ ಕಿವಿ, ಕಣ್ಣುಗಳನ್ನೇ ನಂಬಿ ಹೊರಗಿನದಕ್ಕೆ ಬಾಗಿಲು ತೆರೆದವರು. ಪಾರಿಜಾತವನ್ನು ಬಲ್ಲ ಜನಕ್ಕೂ ಅಂಥದೇ ಕಿವಿ, ಕಣ್ಣುಗಳಿವೆ.

2005ನೆಯ ಜುಲೈ 16ರಂದು ಸುಬ್ಬಣ್ಣನವರು ಹೆಗ್ಗೋಡಿನಲ್ಲಿಯೇ ತೀರಿಕೊಂಡರು. ಒಬ್ಬ ವ್ಯಕ್ತಿಯ ಬಲದಿಂದ ನಿಂತ ಸಂಸ್ಥೆಗಳು ಆ ವ್ಯಕ್ತಿಯೊಡನೆಯೇ ಮಣ್ಣುಗೂಡುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಕಂಪನಿ ನಾಟಕಗಳ ಇತಿಹಾಸವೇ ಇದಕ್ಕೆ ಸಾಕ್ಷಿ. ಮಾಲೀಕರು ಕಣ್ಮುಚ್ಚಿದೊಡನೆ ಪರದೆ, ಪೆಟ್ಟಿಗೆಗಳು ಲಿಲಾವಾದ ಉದಾಹರಣೆಗಳು ಎಷ್ಟಿಲ್ಲ? ನೀನಾಸಮ್‌ಗೆ ಆ ಗತಿ ಬರಲಿಲ್ಲ. ಶಾಲೆ ನಡೆಯಿತು, ತಿರುಗಾಟ ಹೊರಟಿತು, ಶಿಬಿರ ಸೇರಿತು. ದೆಹಲಿಯ ನಾಟ್ಯಶಾಲೆಯಲ್ಲಿಯೂ ಇಂಗ್ಲೆಂಡಿನ ಲೀಡ್ಸ್‌ನಲ್ಲಿಯೂ ವ್ಯಾಸಂಗ ಮಾಡಿ ಊರಿಗೆ ಮರಳಿದ ಅವರ ಪುತ್ರ ಶ್ರೀ ಕೆ. ವಿ. ಅಕ್ಷರ ಅವರು ನಾಟಕಕಾರರಾಗಿ, ನಿರ್ದೇಶಕರಾಗಿ ಈ ಕಾರ್ಯದಲ್ಲಿ ಹೆಗಲು ಕೊಟ್ಟರು. ಅವರೊಡನೆ ಊರಿನವರೂ ನಿಂತರು. ತಂದೆ ಮೈಸೂರಿನಿಂದ ಹಿಂದಿರುಗಿದಂತೆ ಮಗನೂ ಹಿಂದಿರುಗಿದನೆಂಬುದರಲ್ಲಿ ಒಂದು ಅರ್ಥವಿದೆ. ಅದಕ್ಕಿಂತ ಹೆಚ್ಚಿನ ಅರ್ಥವಿರುವುದು, ಸಂಸ್ಥೆ ಒಂದು ಮನೆಯದಾಗಿ ಉಳಿಯದೆ ಊರಿನದಾಯಿತೆಂಬುದರಲ್ಲಿ.

ಒಂದು ರಂಗಸಂಸ್ಥೆ ಬಾಳುವುದಕ್ಕೆ ಏನೇನು ಬೇಕೆಂಬುದನ್ನು ಈ ಜೀವನಚರಿತ್ರೆಯಿಂದ ಎಣಿಸಿ ಹೇಳಬಹುದು. ಓದಿದವರಲ್ಲಿ ಒಬ್ಬರಾದರೂ ಊರಿಗೆ ಮರಳಬೇಕು. ತಾಲೀಮು ಜಾತ್ರೆಗೆ ಮಾತ್ರ ಸೀಮಿತವಾಗದೆ ವರ್ಷದ ವ್ರತವಾಗಬೇಕು. ಊರ ಮಗಳು ಊರಿನ ರಂಗವನ್ನು ಅಂಜದೆ ಏರುವಂತಾಗಬೇಕು. ಕೂಡಿ ಓದುವುದಕ್ಕೆ ನಾಲ್ಕು ಪುಸ್ತಕ, ಕೂಡಿ ಕುಳಿತುಕೊಳ್ಳುವುದಕ್ಕೆ ಒಂದು ಚಾವಡಿ ಇರಬೇಕು. ನಮ್ಮ ಜನಕ್ಕೆ ಇಷ್ಟು ಸಾಕೆಂಬ ಮಾತನ್ನು ನಾಲಿಗೆಯಿಂದ ತೆಗೆದುಹಾಕಬೇಕು. ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಡ. ಹೊಳೆ ಮನೆಯೊಳಗೆ ಬಂದ ರಾತ್ರಿಯನ್ನೂ, ಮಳೆ ಬಾರದ ವರ್ಷವನ್ನೂ, ಮಕ್ಕಳು ಊರು ಬಿಟ್ಟುಹೋದ ದಿನವನ್ನೂ ಕಂಡ ಮಲಪ್ರಭೆಯ ದಂಡೆಯ ಹಳ್ಳಿಗಳಲ್ಲಿ ನಾಟಕದ ವಸ್ತುವಿಗಂತೂ ಬರವಿಲ್ಲ. ಅದನ್ನು ಬಾಡಿಗೆಯ ಪರದೆಯ ಮುಂದೆ ಪರರ ಮಾತಿನಲ್ಲಿ ಆಡುವ ಬದಲು, ತಮ್ಮದೇ ಅಂಗಳದಲ್ಲಿ ತಮ್ಮದೇ ಮಾತಿನಲ್ಲಿ ಆಡುವ ಹತ್ತು ಮಂದಿ ತರುಣ ತರುಣಿಯರು ಯಾವ ಊರಿನಲ್ಲಿ ಒಂದಾದರೂ, ಹೆಗ್ಗೋಡಿನ ಆ ಹದಿನೇಳರ ಹುಡುಗ 1949ರಲ್ಲಿ ಹಚ್ಚಿದ ದೀಪದಿಂದಲೇ ಇನ್ನೊಂದು ದೀಪ ಹೊತ್ತಿತೆಂದು ತಿಳಿಯಬಹುದು.